ಹಾಸಿದ ಕಂಬಳಿ

ಕಂಬಳಿ ಮೇಲೆ ಕೂತಿದ್ದ ಮಾವುತ ಗಡಬಡಿಸಿ ಎದ್ದ. ಯುದ್ಧಕ್ಕೆಂದು ಕಾಡಿನ ಮರ ಕಡಿಸುತ್ತಿದ್ದ ಕಾಲವದು. ಮರ ಎಳೆಯಲು ತಂದ ಆನೆಗೆ ನಮ್ಮ ದೇವರಾಯಸಮುದ್ರದ ಕೆರೆಯಲ್ಲಿ ನೀರು ಕುಡಿಸುತ್ತಿದ್ದವನು ‘ನಾವು ಕುರುಬರು’ ಅಂದಿದ್ದೇ ತಡ, ಕುರಿ ಸಾಕುವ ನಮ್ಮ ಮಾವ ನೆಂಟನೇ ಸಿಕ್ಕನೆಂದು ಊಟಕ್ಕೆ ಕರೆತಂದಿದ್ದರು. ನಮ್ಮಲ್ಲಿ ಕಂಬಳಿ ಹಾಸುವುದು ಕುಲದವರಿಗೆ ಮಾತ್ರ. ಮನೆದೇವರು ಯಾರೆಂದು ಕೇಳಿದಾಗಲೇ ಗೊತ್ತಾಗಿದ್ದು, ಅವನು ಕಾಡಿನಲ್ಲಿ ಜೇನು ಕೀಳುವ ಕುರುಬ. ಹೆಸರೊಂದೇ, ಜನ ಬೇರೆ. ಮಾವನ ಮುಖ ಬಿಗಿದದ್ದು ಕಂಡೇ ಅವನು ಎದ್ದಿದ್ದ.

“ಕೂತ್ಕೋ ನಾಯನಾ,” ಅಂದರು ಅತ್ತೆ, ಬಿಸಿ ಮುದ್ದೆ ಇಡುತ್ತಾ. “ಹಾಸಿದ ಕಂಬಳಿ ಎಳೆಯೋ ಮನೆ ಅಲ್ಲ ಇದು.”

ಮಾವ ಗೊಣಗುತ್ತಲೇ ಅವನ ಪಕ್ಕದಲ್ಲಿ ಕೂತು ಉಂಡರು. ಅಂದಿನಿಂದ ಯಾರೇ ಬರಲಿ, ನಾನು ಮೊದಲು ಕಂಬಳಿ ಹಾಸುತ್ತೇನೆ. ಆಮೇಲೆ ಕುಲ ಕೇಳುವುದು ಮರೆತೇ ಹೋಗುತ್ತದೆ.