ಆಲ್ಟೋ ಸಾಲಿನ ಬಾಯಿಗಳು

ಲಾಕ್‌ಡೌನಿನಲ್ಲಿ ದೇವಾಲಯದ ಬಾಗಿಲು ಮುಚ್ಚಿದ್ದರೂ ನಮ್ಮ ಚರ್ಚಿನ ಕ್ವಾಯರ್, ಅಂದರೆ ಹಾಡುವ ತಂಡ, ಒಂದಾಗಿ ಹಾಡಿತು ಎಂದು ನಮ್ಮ ಸಭೆಯವರು ಈಗಲೂ ಹೇಳುತ್ತಾರೆ. ಈಸ್ಟರ್ ಬಂದರೆ ಆ ವಿಡಿಯೊ ಪರದೆಯ ಮೇಲೆ ಬರುತ್ತದೆ. ಗೋಡೆಗಳು ನಮ್ಮನ್ನು ಬೇರೆ ಮಾಡಿದವು, ಸ್ತುತಿ ನಮ್ಮನ್ನು ಸೇರಿಸಿತು ಎಂದು ಪಾದ್ರಿ ಅಯ್ಯನವರು ಅದಕ್ಕೊಂದು ಪೀಠಿಕೆ ಹಾಕುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನಾನು ಕಲಿತ ಮೊದಲ ಪಾಠವೇ ಇದು: ಎದುರಾಳಿಯ ಮಾತು ತೀರಾ ಚೆನ್ನಾಗಿದ್ದರೆ ಅಲ್ಲೇ ತಡೆದು ಪುರಾವೆ ಕೇಳಬೇಕು. ಕ್ವಾಯರ್ ಹಾಡಿತು, ಸರಿ. ಯಾರು ಹಾಡಿದರು?

ದೇವರೇ ಬೇಡ ಅನ್ನುವವಳಿಗೆ ದೇವರ ಹಾಡಿನ ಉಸಾಬರಿ ಯಾಕೆ ಎಂದು ನನ್ನನ್ನು ಕೇಳಿದವರಿದ್ದಾರೆ. ನ್ಯಾಯವಾದ ಪ್ರಶ್ನೆಯೇ. ದೇವರ ವಿಷಯ ನನಗೆ ಬೇಕಿಲ್ಲ. ನನಗೆ ಬೇಕಿರುವುದು ನಮ್ಮಮ್ಮನ ವಿಷಯ.

ಅಮ್ಮ ಮದುವೆಗೆ ಮುಂಚಿನಿಂದ ಆ ಕ್ವಾಯರಿನ ಆಲ್ಟೋ ಸಾಲಿನಲ್ಲಿದ್ದಳು. ಆಲ್ಟೋ ಅಂದರೆ ಹೆಂಗಸರ ಕೆಳದನಿ. ಹಾಡಿನ ಮುಖ್ಯ ರಾಗ ಮೇಲುದನಿಯ ಸೊಪ್ರಾನೋದವರ ಪಾಲು, ಹೊಗಳಿಕೆಯೂ ಅವರದೇ. ಆಲ್ಟೋದವರು ಇದ್ದರೆ ಗೊತ್ತಾಗುವುದಿಲ್ಲ, ಇಲ್ಲದಿದ್ದರೆ ಏನೋ ಖಾಲಿ ಅನ್ನಿಸುತ್ತದೆ. ಸಾರಿಗೆ ಉಪ್ಪಿದ್ದ ಹಾಗೆ. ಆ ಸಾಲಿನಲ್ಲೂ ಅಮ್ಮನಿಗೊಂದು ಚಾಳಿಯಿತ್ತು. ಸ್ವರವನ್ನು ನೇರವಾಗಿ ಹಿಡಿಯುತ್ತಿರಲಿಲ್ಲ. ಒಂಚೂರು ಕೆಳಗಿನಿಂದ ಜಾರಿಸಿಕೊಂಡು ಬಂದು ಆಮೇಲೆ ಅದರ ಮೇಲೆ ಕೂರುತ್ತಿದ್ದಳು, ತೊಟ್ಟಿಲು ತೂಗುವವರು ಹಾಡುತ್ತಾರಲ್ಲ, ಹಾಗೆ.

ಇದು ಕ್ವಾಯರ್ ನಡೆಸುವ ಮಾಸ್ಟ್ರಿಗೆ ಆಗುತ್ತಿರಲಿಲ್ಲ. ಅವರ ಮನೆಯ ಬೀರುವಿನಲ್ಲಿ ಬಟ್ಟೆಗಿಂತ ಸೀಡಿಗಳೇ ಜಾಸ್ತಿ. ಎಲ್ಲವೂ ಹೊರದೇಶದ ಕತೀಡ್ರಲ್‌ಗಳ, ಹಳೇ ಕಾಲೇಜುಗಳ ಚಾಪೆಲ್‌ಗಳ ಗಾಯನವೃಂದಗಳು ಹಾಡಿದ್ದು. ಶನಿವಾರ ಸಂಜೆ ಅಭ್ಯಾಸಕ್ಕೆ ಮೊದಲು ಅವುಗಳಲ್ಲೊಂದನ್ನು ಹಾಕಿ, ಕಣ್ಣುಮುಚ್ಚಿ, ಒಂದು ಬೆರಳೆತ್ತಿ, ಇದರಲ್ಲಿ ಯಾರಾದರೂ ಜಾರುತ್ತಿದ್ದಾರಾ ಎಂದು ಆಲ್ಟೋದವರನ್ನು ಕೇಳುತ್ತಿದ್ದರು. ಯಾರೂ ಜಾರುತ್ತಿರಲಿಲ್ಲ. ಕಲ್ಲಿನ ಕಮಾನುಗಳ ಕೆಳಗೆ ನಿಂತು ಹಾಡುವ ಆ ದನಿಗಳನ್ನು ಮಾಸ್ಟ್ರು ನಮ್ಮ ಶೀಟಿನ ಚಾವಣಿಯ ಕೆಳಗೆ, ಹೊರಗಿನ ಬಸ್ಸಿನ ಹಾರ್ನುಗಳ ನಡುವೆ ಹುಡುಕುತ್ತಿದ್ದರು. "ಆ ಸೀಡಿಯ ಮಕ್ಕಳಿಗೆ ಮೂಗು ಕಟ್ಟಿದಂಗಿದೆ ಕಣೇ" ಎಂದು ಅಮ್ಮ ಮನೆಗೆ ಬಂದು ನಗುತ್ತಿದ್ದಳು. ಭಾನುವಾರ ಮತ್ತೆ ಜಾರುತ್ತಿದ್ದಳು.

ಲಾಕ್‌ಡೌನ್ ಬಂದಾಗ ಮಾಸ್ಟ್ರು ಎಲ್ಲರ ಫೋನಿಗೂ ಕೀಬೋರ್ಡಿನಲ್ಲಿ ನುಡಿಸಿದ ಹಿನ್ನೆಲೆ ಸಂಗೀತವೊಂದನ್ನು ಕಳಿಸಿದರು. ಒಂದು ಫೋನಿನಿಂದ ಅದನ್ನು ಇಯರ್‌ಫೋನಿನಲ್ಲಿ ಕೇಳುತ್ತ ಹಾಡಬೇಕು, ಇನ್ನೊಂದು ಫೋನಿನಲ್ಲಿ ಅದನ್ನು ವಿಡಿಯೊ ಮಾಡಬೇಕು. ಶುರುವಿನಲ್ಲಿ ಎಲ್ಲರೂ ಒಂದು ಚಪ್ಪಾಳೆ ಹೊಡೆಯಬೇಕು. ಆ ಚಪ್ಪಾಳೆಗಳನ್ನು ಒಂದರ ಮೇಲೊಂದು ಕೂರಿಸಿದರೆ ಎಲ್ಲರ ಹಾಡೂ ತಾನಾಗಿ ಕೂಡಿಕೊಳ್ಳುತ್ತದೆ. ಹೆಂಗಸರು ಬಿಳಿ ಸೀರೆ ಉಡಬೇಕು. ಅಮ್ಮ ನೈಟಿಯ ಮೇಲೆ ಬಿಳಿ ಸೀರೆಯ ಸೆರಗನ್ನಷ್ಟೇ ಹೊದ್ದು, ಸೊಂಟದ ಕೆಳಗೆ ತೋರಿಸೀಯ ಎಂದು ನನ್ನನ್ನು ಹೆದರಿಸಿ ನಿಂತಳು.

ನಾವಿದ್ದದ್ದು ಬಾಪೂಜಿ ನಗರದ ಒಂದು ನೆಲಮಹಡಿಯಲ್ಲಿ. ನನ್ನ ಫೋನಿನ ಕ್ಯಾಮೆರಾ ಒಡೆದಿತ್ತು. ಮೇಲಿನ ಮನೆಯ ಓನರ್ ಆಂಟಿ ತಮ್ಮ ಫೋನ್ ಕೊಟ್ಟರು. ಅವರು ದಾವಣಗೆರೆ ಕಡೆಯ ಲಿಂಗಾಯತರು, ನಮ್ಮ ಹಾಡಿಗೂ ಅವರಿಗೂ ಸಂಬಂಧವಿಲ್ಲ. ಆದರೂ ನಾವು ಮುಗಿಸುವ ತನಕ ಕುಕ್ಕರ್ ಇಡುವುದಿಲ್ಲ ಎಂದರು, ಪಕ್ಕದ ಬಾಡಿಗೆಯವರಿಗೂ ಇಡಬೇಡಿರೆಂದು ತಾಕೀತು ಮಾಡಿದರು. ಮೈಸೂರು ರಸ್ತೆಯಲ್ಲಿ ಒಂದು ಲಾರಿಯೂ ಇರಲಿಲ್ಲ. ನಾಯಂಡಹಳ್ಳಿ ಕಡೆಯ ವರ್ಕ್‌ಶಾಪುಗಳೆಲ್ಲ ಬಂದ್. ನಾನು ಹುಟ್ಟಿದ ಮೇಲೆ ಆ ಬೀದಿ ಅಷ್ಟು ಸುಮ್ಮನಿದ್ದದ್ದು ಅದೇ ಮೊದಲು.

ಅಮ್ಮ ಚಪ್ಪಾಳೆ ಹೊಡೆದು ಹಾಡಿದಳು. ಕೊನೆಯ ಆಮೆನ್ ಮುಗಿಯುವ ಮೊದಲೇ, ಮೆಟ್ಟಿಲ ಮೇಲೆ ಬೀನ್ಸ್ ಬಿಡಿಸುತ್ತ ಕೂತಿದ್ದ ಓನರ್ ಆಂಟಿ "ಭೇಷ್" ಅಂದುಬಿಟ್ಟರು. ಅದು ರೆಕಾರ್ಡ್ ಆಯಿತೆಂದು ಮತ್ತೆ ಹಾಡಿಸಿದೆ. ಎರಡನೇ ಸಲ ಆಂಟಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತರು. ಅಮ್ಮ ಆ ಕೊನೆಯ ಆಮೆನ್‌ಗೆ ಎಂದಿಗಿಂತ ಹೆಚ್ಚು ಕೆಳಗಿನಿಂದ, ಎಂದಿಗಿಂತ ನಿಧಾನವಾಗಿ ಜಾರಿ ಬಂದಳು. ಹೇಳುವವರು ಕೇಳುವವರು ಯಾರೂ ಎದುರಿಗಿರಲಿಲ್ಲವಲ್ಲ. ಫೈಲನ್ನು ಮಾಸ್ಟ್ರಿಗೆ ಕಳಿಸಿ, ಆಂಟಿಯ ಫೋನಿನಲ್ಲಿ ಜಾಗವಿಲ್ಲವೆಂದು ಎರಡು ಸಲದ್ದನ್ನೂ ಅಳಿಸಿ, ಫೋನ್ ವಾಪಸ್ಸು ಕೊಟ್ಟೆವು.

ಈಸ್ಟರ್ ಬೆಳಿಗ್ಗೆ ವಿಡಿಯೊ ಬಂತು. ಪುಟ್ಟಪುಟ್ಟ ಚೌಕಗಳಲ್ಲಿ ಎಲ್ಲರ ಮುಖ, ಕೆಳಸಾಲಿನಲ್ಲಿ ಅಮ್ಮ. ಅಡುಗೆಮನೆಯ ಬಾಗಿಲಿಗೆ ಒರಗಿ ಹಾಡಿದವಳ ದನಿಗೂ ದೊಡ್ಡ ಕಲ್ಲುಕಟ್ಟಡದ ಪ್ರತಿಧ್ವನಿ ಹಚ್ಚಿದ್ದರು. ಆಲ್ಟೋ ಒಂದೇ ಕಂಠದಿಂದ ಬಂದಂತಿದೆ ಎಂದು ಅಯ್ಯನವರು ಗುಂಪಿನಲ್ಲಿ ಬರೆದರು. ಅಮ್ಮ ಕೊನೆತನಕ ಕೇಳಿದಳು. ಆಮೇಲೆ ಕೇಳಿದ್ದು ಒಂದೇ: "ಸೆರಗು ಸರಿಯಾಗಿ ಕಾಣ್ತಾ ಇದೆ ಅಲ್ವೇನೇ?"

ಅದಾದ ಮೇಲೆ ಥೈರಾಯ್ಡ್ ಗಡ್ಡೆಗೆ ಅಮ್ಮನಿಗೆ ಆಪರೇಷನ್ ಆಯಿತು. ಗಡ್ಡೆ ಹೋಯಿತು, ಅದರ ಜೊತೆಗೆ ದನಿಯೂ. ಮಾತು ಇಷ್ಟಿಷ್ಟೇ ಬರಬಹುದು, ಹಾಡಿನ ಆಸೆ ಇಟ್ಟುಕೊಳ್ಳಬೇಡಿ ಎಂದರು ಡಾಕ್ಟರು. ಈಗ ಅಮ್ಮನದು ಪಿಸುಮಾತು. ಸೊಪ್ಪಿನ ಗಾಡಿ ಬಂದರೆ ಕೂಗಲಾರದೆ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟುತ್ತಾಳೆ. ಪ್ರತಿಸಲವೂ ನನಗೆ ಅದರ ಹಿಂದೆಯೇ ಒಂದು ಹಾಡು ಶುರುವಾಗಬೇಕು ಅನ್ನಿಸುತ್ತದೆ.

ಹಾಗೆ ಅನ್ನಿಸಿದ ಒಂದು ದಿನ ಒಳ್ಳೆಯ ಇಯರ್‌ಫೋನ್ ಹಾಕಿಕೊಂಡು ಆ ವಿಡಿಯೊ ತೆರೆದು ಕೂತೆ. ಅಷ್ಟು ದನಿಗಳ ನಡುವೆ ಅಮ್ಮನದನ್ನು ಹೆಕ್ಕಿಕೊಳ್ಳಬೇಕಿತ್ತು. ಬೇರೆ ಎಲ್ಲೂ ಅವಳ ಹಾಡು ನಮ್ಮಲ್ಲಿ ಉಳಿದಿರಲಿಲ್ಲ. ಆಮೆನ್ ಬಂತು. ಚೌಕದಲ್ಲಿ ಅಮ್ಮನ ಗದ್ದ ಮೆಲ್ಲಗೆ ಮೇಲೇರುತ್ತಿತ್ತು. ಕಿವಿಗೆ ಬಿದ್ದದ್ದು ಮಾತ್ರ ನೆಟ್ಟಗೆ ನಿಂತ ಸ್ವರ. ಮತ್ತೆ ಹಾಕಿದೆ. ಅಮ್ಮನ ಪಕ್ಕದ ಚೌಕದಲ್ಲಿ ರಿಟೈರ್ಡ್ ನರ್ಸ್ ಆಂಟಿ ಇದ್ದರು. ಅವರ ದನಿ ನಡುಗುತ್ತದೆ ಅನ್ನುವುದು ಇಡೀ ಸಭೆಗೆ ಗೊತ್ತು. ಆ ನಡುಕವೂ ಇರಲಿಲ್ಲ. ಕೆಳಸಾಲಿನ ಯಾವ ಹೆಂಗಸಿಗೂ ವಯಸ್ಸೇ ಆಗಿರಲಿಲ್ಲ. ಎಲ್ಲರ ಬಾಯಿಂದಲೂ ಯಾವಳೋ ಒಬ್ಬ ಎಳೆಯ ಹುಡುಗಿ ಹಾಡುತ್ತಿದ್ದಳು.

ಬಸವೇಶ್ವರನಗರದ ಮಾಸ್ಟ್ರ ಮನೆಗೆ ಹೋದೆ. ದೇವಾಲಯದ ದಾರಿ ಮರೆತವಳು ನಮ್ಮ ಮನೆ ದಾರಿ ನೆನಪಿಟ್ಟುಕೊಂಡಿದ್ದಾಳೆ ಎಂದು ಚುಚ್ಚಿಯೇ ಕಾಫಿ ಕೊಡಿಸಿದರು. ನಾನು ಸುತ್ತಿಬಳಸದೆ ಕೇಳಿದೆ. ಅವರು ಅಲ್ಲಗಳೆಯಲಿಲ್ಲ. ಹಾಡಿದ್ದು ಅವರ ತಂಗಿಯ ಮಗಳು, ಸಂಗೀತ ಕಲಿತವಳು. ಆಲ್ಟೋ ಪೂರ್ತಿ ಅವಳೊಬ್ಬಳಿಂದಲೇ ಮತ್ತೆ ಮತ್ತೆ ಹಾಡಿಸಿ ಕೂಡಿಸಿದ್ದರು. ಏನು ಮಾಡುವುದು, ಎಲ್ಲರ ಫೈಲಿನಲ್ಲೂ ಕುಕ್ಕರ್ ಕೂಗುತ್ತಿತ್ತು ಎಂದರು. ಅವತ್ತು ನಮ್ಮ ಕಟ್ಟಡದಲ್ಲಿ ಒಂದೇ ಒಂದು ಒಲೆ ಹಚ್ಚಿರಲಿಲ್ಲ ಎಂದೆ. ಅವರು ಕಾಫಿ ಲೋಟ ಕೆಳಗಿಟ್ಟರು.

"ನೋಡು ಮಗಳೇ, ಕ್ವಾಯರ್ ಅಂದ್ರೆ ಒಬ್ಬೊಬ್ರ ದನಿ ಬೇರೆ ಬೇರೆ ಕೇಳಿಸಬಾರದು. ನಿಮ್ಮಮ್ಮಂಗೆ ಇಷ್ಟು ವರ್ಷ ಅದನ್ನೇ ಹೇಳಿದ್ದು."

"ಕೇಳಿಸಬಾರದು ಅನ್ನೋದು ಬೇರೆ, ಇರಲೇಬಾರದು ಅನ್ನೋದು ಬೇರೆ, ಅಂಕಲ್."

"ಇದು ನಿನ್ನ ಡಿಬೇಟ್ ಅಲ್ಲಮ್ಮ. ದೇವರಿಗೆ ಕೊಡೋದು. ಊನ ಇಲ್ಲದ್ದನ್ನೇ ಕೊಡ್ಬೇಕು."

ಹಾಗಾದರೆ ಊನ ಇರುವವರ ಮುಖ ಯಾಕೆ ಉಳಿಸಿಕೊಂಡಿರಿ ಎಂದು ಕೇಳಿದೆ. ಮುಖ ಇಲ್ಲದಿದ್ದರೆ ಸಭೆಯವರು ಕೇಳುತ್ತಾರಲ್ಲ ಎಂದರು. ವ್ಯಂಗ್ಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಕಿಟಕಿಯ ಪರದೆಗೆ ಕೊಕ್ಕೆ ಬೇಕು ಅನ್ನುವಷ್ಟು ಸಹಜವಾಗಿ ಹೇಳಿದರು. ಕೊನೆಗೆ ನಾನು ಬಂದದ್ದೇ ಯಾತಕ್ಕೋ ಅದನ್ನು ಕೇಳಿದೆ: ಅಮ್ಮನ ಫೈಲ್ ಕೊಡಿ, ಕುಕ್ಕರ್ ಕೂಗಿದ್ದರೂ ಪರವಾಗಿಲ್ಲ. ಅದೆಲ್ಲ ಆವಾಗಲೇ ಅಳಿಸಿದೆವಲ್ಲ, ಕಂಪ್ಯೂಟರ್ ತುಂಬಿಹೋಗಿತ್ತು ಎಂದರು. ಅವರ ಹಿಂದೆ ಬೀರುವಿನ ಬಾಗಿಲು ಅರ್ಧ ತೆರೆದಿತ್ತು. ನಮ್ಮನ್ನು ಒಮ್ಮೆಯೂ ಕಂಡಿರದ ಊರುಗಳ ದನಿಗಳು ಒಂದೂ ಅಳಿಯದೆ, ಧೂಳು ಕೂರದೆ, ಸಾಲಾಗಿ ನಿಂತಿದ್ದವು.

ವಾದದಲ್ಲಿ ಗೆದ್ದದ್ದು ನಾನೇ. ಯಾವ ತೀರ್ಪುಗಾರರನ್ನು ಕೂರಿಸಿದ್ದರೂ ಹಾಗೇ ಹೇಳುತ್ತಿದ್ದರು. ಬರಿಗೈಯಲ್ಲಿ ಬಸ್ಸು ಹತ್ತಿದೆ.

ಒಂದು ಮಾತು ಒಪ್ಪಿಕೊಳ್ಳಬೇಕು. ಆ ರೆಕಾರ್ಡಿಂಗ್ ನಿಜಕ್ಕೂ ಚೆನ್ನಾಗಿದೆ. ಕೆಟ್ಟದಾಗಿದ್ದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲವೇನೋ.

ಅಮ್ಮನಿಗೆ ನಾನು ಏನೂ ಹೇಳಲಿಲ್ಲ. ಈ ಈಸ್ಟರ್‌ಗೆ ಜೊತೆಗೆ ಬಾ ಎಂದಳು, ಹೋದೆ. ಅದೇ ಪರದೆ, ಅದೇ ಪೀಠಿಕೆ. ಆಲ್ಟೋದ ಹಳಬರೆಲ್ಲ ಒಂದೇ ಬೆಂಚಿನಲ್ಲಿದ್ದರು. ಮೂರು ಸಾಲು ಹಿಂದೆ ಯಾರೋ ಅಪಸ್ವರ ಹಿಡಿದರೆ ತಿರುಗಿ ನೋಡುವ ಹೆಂಗಸರು ಇವರು. ಕೊನೆಯ ಆಮೆನ್ ಬಂದಾಗ ನರ್ಸ್ ಆಂಟಿ ಅಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮನೆಗೆ ಬಂದ ಮೇಲೆ ಓನರ್ ಆಂಟಿ ಹಬ್ಬದ ಕೇಕ್ ತಿನ್ನಲು ಕೆಳಗಿಳಿದು ಬಂದರು. ತಮ್ಮ ಫೋನಿನಲ್ಲಿ ತೆಗೆದ ಹಾಡನ್ನು ತಾವು ಕೇಳಿಯೇ ಇಲ್ಲವೆಂದು ಜಗಳ ತೆಗೆದರು. ಅಮ್ಮ ಹಾಕಿ ತೋರಿಸಿದಳು. ಇದು ನಾನು ಎಂದು ಪಿಸುದನಿಯಲ್ಲಿ ಹೇಳಿ ಚೌಕದ ಮೇಲೆ ಬೆರಳಿಟ್ಟಳು. ಆಂಟಿ ಕೇಕು ಅಗಿಯುವುದನ್ನು ನಿಲ್ಲಿಸಿ, ಕಿವಿಯನ್ನು ಫೋನಿನ ಹತ್ತಿರ ತಂದು, ಕೊನೆತನಕ ಕೇಳಿದರು.

"ಅವತ್ತು ಮೆಟ್ಲ ಮ್ಯಾಲೆ ಕುಂತು ನಾನು ಕೇಳಿದ್ದು ಇದಲ್ಲಲ್ರೀ" ಎಂದರು. "ಅದು ಹಿಂಗೆ ಕೆಳಗಿಂದ ಎದ್ದು ಬಂದಂಗಿತ್ತು."

ರೆಕಾರ್ಡಿಂಗಿನಲ್ಲಿ ಹಾಗೇ ಕೇಳಿಸುತ್ತದೆ ಎಂದು ಅಮ್ಮ ಗೊಗ್ಗರು ದನಿಯಲ್ಲಿ ಹೇಳಿ, ಇನ್ನೊಂದು ತುಂಡು ಕೇಕನ್ನು ಅವರ ತಟ್ಟೆಗೆ ಹಾಕಿದಳು. ಆಂಟಿ ನಮ್ಮಿಬ್ಬರ ಮುಖವನ್ನೂ ಒಮ್ಮೆ ನೋಡಿ, ತಟ್ಟೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಅಮ್ಮ ಫೋನನ್ನು ಮಗುಚಿ ಮೇಜಿನ ಮೇಲಿಟ್ಟು, ಚಾಕು ತೊಳೆಯಲು ಎದ್ದಳು.

"ಅಮ್ಮಾ, ಅದ್ರಲ್ಲಿ ನೀನಿಲ್ಲ ಅನ್ನೋದು ನಿಂಗೆ ಯಾವಾಗಿಂದ ಗೊತ್ತು?"