ಯಲಬುರ್ಗಾದ ಹಳ್ಳಕ್ಕೆ ನಾನು ಬರೆದ ಸೇತುವೆ

ಮಳೆಗೆ ನಾನು ಕಲಿಸುವ ಶಾಲೆಗೂ ರಜೆ ಕೊಟ್ಟಿದ್ದರು. ಶ್ರೀರಾಮನಗರದಲ್ಲಿ ಬೆಳಗಿನ ಆರೂವರೆಯ ಬಸ್ಸು ಹಿಡಿದೆ. ಹಿಂದಿನ ಸಂಜೆ ಫೋನಿನಲ್ಲಿ ಕಂಡ ಒಂದು ಸಾಲು ನನ್ನನ್ನು ಹೊರಡಿಸಿತ್ತು: ‘ಇಲ್ಲಿ ಸೇತುವೆ ಇಲ್ಲ.’

ನೆರೆ ಬಂದಾಗ ನೆರವಿನ ಗಾಡಿಗಳಿಗೆ ದಾರಿ ತೋರಿಸಲೆಂದು ಜಿಲ್ಲೆಯ ನಾವು ಕೆಲವರು ಸೇರಿ ನಕಾಶೆಯೊಂದನ್ನು ಮಾಡುತ್ತಿದ್ದೆವು. ಯಾರು ಬೇಕಾದರೂ ಅದರಲ್ಲಿ ಗುರುತು ಹಾಕಬಹುದು. ಉಪಗ್ರಹದ ಚಿತ್ರ ನೋಡಿ ಮನೆಯಲ್ಲೇ ಕುಳಿತು ರಸ್ತೆ, ಸೇತುವೆ ಬರೆಯುವುದು ನನ್ನ ಪಾಲಿನ ಕೆಲಸ. ಯಾರೋ ಆ ಸಾಲು ಹಾಕಿದ್ದು ಯಲಬುರ್ಗಾದ ಆಚೆ ಒಂದು ಹಳ್ಳದ ಮೇಲೆ; ಅಲ್ಲಿ ಸೇತುವೆ ಬರೆದವಳು ನಾನೇ.

ಗಂಗಾವತಿಯಲ್ಲಿ ಬಸ್ಸು ಬದಲಿಸುವಾಗ, ಕೊಪ್ಪಳದಲ್ಲಿದ್ದ ನಮ್ಮ ತಂಡದ ಉಸ್ತುವಾರಿ ಬಸವರಾಜ ಫೋನ್ ಮಾಡಿದರು.

“ನೀವು ಐತಿ ಅಂದೀರಿ, ಇನ್ನೊಬ್ರು ನೋಡಿ ಖರೇ ಅಂದಾರ. ಹೆಸರಿಲ್ದೋರು ಒಬ್ರು ಇಲ್ಲ ಅಂತಾರ. ಹೆಂಗ ಅಳಸೂದ್ರಿ ಮೇಡಂ?”

“ಆ ಇನ್ನೊಬ್ರೂ ನಾ ನೋಡಿದ ಚಿತ್ರಾನ ನೋಡ್ಯಾರ. ಬ್ಯಾಸಗಿ ಚಿತ್ರ ಅದು.”

“ಅಳಸಿದ ಮ್ಯಾಲ ಸೇತುವಿ ಇದ್ರ? ಆಚಿ ಊರಿನ ಮಂದಿ ದವಾಖಾನಿಗೆ ಹನ್ನೆರಡು ಕಿಲೋಮೀಟರ್ ಸುಮ್ನ ಸುತ್ತಬೇಕಾಗ್ತೈತಿ. ನೀವs ಹೋಗಿ ನೋಡಿ ಹೇಳ್ರಿ.”

ಕಂಡಕ್ಟರ್ ಕೊಟ್ಟ ಶೂನ್ಯ ದರದ ಟಿಕೆಟ್ ಹಿಡಿದು ಕಿಟಕಿ ಪಕ್ಕ ಕುಳಿತೆ. ಹೊರಗೆ ಕಾಲುವೆ, ಗದ್ದೆ, ಮತ್ತೆ ಕಾಲುವೆ. ನಮ್ಮ ಕಡೆ ರಸ್ತೆ ನೀರು ದಾಟುವಲ್ಲೆಲ್ಲ ಸೇತುವೆ ಇರುತ್ತದೆ. ಎಲ್ಲ ಕಡೆಯೂ ಹಾಗೇ ಎಂದುಕೊಂಡು ಚಿತ್ರದಲ್ಲಿ ಕಾಣದ್ದನ್ನೂ ಬರೆದಿದ್ದೆನೇ? ಕೊಪ್ಪಳದ ಬಸ್ ನಿಲ್ದಾಣದಲ್ಲಿ ತೆಗೆದುಕೊಂಡ ಮಂಡಕ್ಕಿ ಒಗ್ಗರಣಿ, ಮಿರ್ಚಿಯಲ್ಲಿ ಎರಡು ತುತ್ತು ಮಾತ್ರ ಇಳಿಯಿತು.

ಯಲಬುರ್ಗಾ ತಲುಪಿದಾಗ ಹನ್ನೊಂದು. ಅಲ್ಲಿಂದ ಆಟೋದವನು ಮುನ್ನೂರು ರೂಪಾಯಿ ಕೇಳಿದ. ಹಳ್ಳಕ್ಕೆ ಅರ್ಧ ಕಿಲೋಮೀಟರ್ ಇರುವಾಗ ರಸ್ತೆಯ ಮೇಲೆ ಹರಿದು ಬಂದ ಕೆಸರು ತೋರಿಸಿ ನಿಲ್ಲಿಸಿದ. ನಡೆದೆ. ನೀರು ಕಣ್ಣಿಗೆ ಬೀಳುವ ಮೊದಲೇ ಅದರ ಸದ್ದು ಕೇಳಿತು.

ಸೇತುವೆ ಇರಲಿಲ್ಲ. ಡಾಂಬರು ರಸ್ತೆ ಇಳಿಜಾರಿನಲ್ಲಿ ಕೆಂಪು ನೀರಿನೊಳಗೆ ಇಳಿದು ಆಚೆ ದಂಡೆಯಲ್ಲಿ ಮೇಲೆದ್ದಿತ್ತು. ಈಚೆ ದಂಡೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರು ಗೊಬ್ಬರದ ಚೀಲ ತಲೆಗೆ ಹೊದ್ದು, ಕೋಲಿಗೆ ಕೆಂಪು ಕುಬಸ ಕಟ್ಟಿಕೊಂಡು ನಿಂತಿದ್ದರು. ಹೆಸರು ನಿಂಗವ್ವ, ಪಕ್ಕದ ಹೊಲದವರು.

“ಮುಂದ ಹೋಗಬ್ಯಾಡವಾ! ನಿನ್ನಿಯಿಂದ ನಾಕು ಗಾಡಿ ತಿರುಗ್ಸೀನಿ. ಎಲ್ಲಾರೂ ಫೋನ್ ತೋರಸ್ತಾರ, ಸೇತುವಿ ಐತಂತ. ನನ್ನ ಮೊಮ್ಮಗಳು ಇಲ್ಲ ಅಂತ ಅದರಾಗ ಬರದ್ಲು. ಯಾರ ಕೇಳ್ತಾರ?”

ಉತ್ತರ ಕೊಡುವ ಮೊದಲೇ ಆಚೆ ದಂಡೆಯಲ್ಲಿ ಜೀಪೊಂದು ಕಾಣಿಸಿತು. ನಿಲ್ಲದೆ ಇಳಿಜಾರಿಗೆ ಬಂತು. ನಿಂಗವ್ವ ಕೋಲು ಬೀಸಿದರು, ನಾನು ಸೆರಗು ಬೀಸಿದೆ, ಇಬ್ಬರೂ ಕೂಗಿದೆವು. ನೀರಿನ ಸದ್ದಿನಲ್ಲಿ ನಮ್ಮ ದನಿ ಆಚೆ ದಂಡೆ ಮುಟ್ಟಲಿಲ್ಲ. ಮುಂದಿನ ಗಾಲಿಗಳು ನೀರಿಗಿಳಿದವು. ಬಸವರಾಜರಿಗೆ ಫೋನ್ ಹಚ್ಚಿ, ಸೇತುವೆ ಇಲ್ಲ, ಆಚೆಯಿಂದ ಜೀಪೊಂದು ನೀರಿಗಿಳಿಯುತ್ತಿದೆ ಎಂದೆ.

“ಜೀಪು ನಮ್ಮದs! ಒಳಗ ಹೆರಿಗಿ ಬ್ಯಾನಿ ತಿನ್ನೋ ಹೆಣ್ಮಗಳು ಅದಾಳ್ರಿ!” ಎಂದವರೇ ಇನ್ನೊಂದು ಫೋನಿನಲ್ಲಿ ಚೀರಿದರು: “ಹಿಂದ ತಗೋ! ಹಿಂದ ತಗೋ!”

ಜೀಪು ನಿಂತಿತು. ಗಾಲಿ ಒಮ್ಮೆ ಜಾರಿತು. ಆಮೇಲೆ ಮೆಲ್ಲಗೆ ಹಿಂದೆ ಸರಿದು ರಸ್ತೆ ಹತ್ತಿತು. ನಿಂಗವ್ವ ನನ್ನ ರಟ್ಟೆಯನ್ನು ಬಿಗಿಯಾಗಿ ಹಿಡಿದಿದ್ದರು.

“ಮ್ಯಾಲಗಡೆ ಗುಡಿ ಹಿಂದ ಖರೇ ಸೇತುವಿ ಐತಿ, ಅಲ್ಲಿಂದ ಬರಲಿ,” ಎಂದರು.

“ಇವತ್ತು ಅದನ್ನ ಯಾರರೆ ದಾಟ್ಯಾರೇನು?” ಎಂದು ಕೇಳಿದೆ.

“ಮುಂಜಾನಿ ನನ್ನ ಮಗ ಅದರ ಮ್ಯಾಲ ಹಾಲು ಒಯ್ದು ಬಂದಾನ.”

ಅಷ್ಟನ್ನು ಬಸವರಾಜರಿಗೆ ಹೇಳಿದೆ. ಜೀಪು ತಿರುಗಿ ಹೋಯಿತು. ಮುಂದಿನ ಒಂದು ತಾಸು ಕಲ್ಲಿನ ಮೇಲೆ ಕುಳಿತು ಫೋನನ್ನೇ ನೋಡುತ್ತಿದ್ದೆ. ಕೊನೆಗೆ ಕರೆ ಬಂತು: ಯಲಬುರ್ಗಾದ ದವಾಖಾನೆ ಮುಟ್ಟಿದರು, ಹೆಣ್ಣು ಕೂಸು, ಇಬ್ಬರೂ ಆರಾಮ. ಆಗ ನಿಂಗವ್ವನಿಗೆ ಹೇಳಿದೆ, ಸೇತುವೆ ಬರೆದವಳು ನಾನು, ಊರು ಶ್ರೀರಾಮನಗರ, ಅಲ್ಲಿ ಟೀಚರ್ ಎಂದು. ಅವರು ಕೋಲನ್ನು ನೆಲಕ್ಕೂರಿದರು.

“ನೋಡಲಾರದ ಬರದ್ರೇನ ಅಕ್ಕೋರ?”

“ಹೌದ್ರಿ.”

ಅಲ್ಲೇ ನಿಂತು ಸೇತುವೆ ಅಳಿಸಿದೆ. ಮಳೆಯಲ್ಲಿ ದಾಟಬಾರದು ಎಂದು ಬರೆದೆ.

“ಹಂಗಾರ ನಾ ಮನಿಗಿ ಹೋಗ್ಲ್ಯಾ?”

ಹಳೆಯ ನಕಾಶೆಯನ್ನು ಫೋನಿನಲ್ಲಿ ಇಳಿಸಿಕೊಂಡವರಿಗೆ ಇದು ಇವತ್ತೇ ಮುಟ್ಟುವುದಿಲ್ಲ ಎಂದು ಹೇಳಬೇಕಾಯಿತು.

“ಹಂಗಾದ್ರ ನೀವು ಹಿಡೀರಿ. ನಾ ರೊಟ್ಟಿ ತಿಂದು ಬರ್ತೀನಿ,” ಎಂದು ಕೋಲು ಕೊಟ್ಟು ನಡೆದರು.

ಮೂರರ ಸುಮಾರಿಗೆ ಕುಷ್ಟಗಿಯಿಂದ ಹೊರಟ ಕಾರೊಂದು ಬಂತು. ಕೋಲು ಅಡ್ಡ ಹಿಡಿದೆ. ಓಡಿಸುತ್ತಿದ್ದವರು ಗಾಜು ಇಳಿಸಿ ಫೋನ್ ತೋರಿಸಿದರು.

“ಇಲ್ಲಿ ಸೇತುವಿ ಐತಿ ನೋಡ್ರಿ. ಇದೇನ್ ಸುಳ್ಳೇನು?”

“ಸುಳ್ಳರಿ. ಅದನ್ನ ಬರದಾಕಿ ನಾನs.”

ಅವರು ನನ್ನ ಮುಖ ನೋಡಿದರು, ನೀರು ನೋಡಿದರು, ಕಾರು ತಿರುಗಿಸಿದರು.