ಹತ್ತಿಯಮ್ಮ ಕಿಟಕಿ ತೆಗೆದ ದಿನ

ಚಳಿ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಆ ಬೀದಿಯಲ್ಲಿ ಯಾರೂ ಕ್ಯಾಲೆಂಡರ್ ನೋಡುತ್ತಿರಲಿಲ್ಲ. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆಯ ಕಿಟಕಿ ನೋಡುತ್ತಿದ್ದರು. ಅದು ಮುಚ್ಚಿದ್ದರೆ ಸ್ವೆಟರ್ ಹಾಕಿಕೊಂಡು ಸುಮ್ಮನೆ ಕೆಲಸಕ್ಕೆ ಹೋಗುವುದು. ತೆರೆದಿದ್ದರೆ ಮನೆಯ ರಜಾಯಿಗಳನ್ನು ಮಡಚಿ ಹೆಗಲಿಗೇರಿಸಿ ಆ ಮನೆಯ ಮೆಟ್ಟಿಲು ಹತ್ತುವುದು.

ಅಲ್ಲಿದ್ದವಳು ರಜಾಯಿ ಹೊಲಿಯುವ ಹೆಂಗಸು. ಯಾವಾಗ ನೋಡಿದರೂ ತಲೆಯಲ್ಲಿ, ಹುಬ್ಬಿನಲ್ಲಿ, ಕೊನೆಗೆ ರೆಪ್ಪೆಯಲ್ಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿದ್ದರಿಂದ ಬೀದಿಗೆಲ್ಲ ಅವಳು ಹತ್ತಿಯಮ್ಮ. ಕೂದಲು ಯಾವಾಗ ನೆರೆಯಿತು ಎಂಬುದು ಅವಳಿಗೇ ತಿಳಿಯಲಿಲ್ಲ. ಹತ್ತಿ ಎಂದುಕೊಂಡು ಕೊಡವುತ್ತಲೇ ಇದ್ದಳು.

ಚಳಿ ಬಿಟ್ಟ ಮೇಲೆ ರಜಾಯಿಯ ಹೊಲಿಗೆ ಬಿಚ್ಚಬೇಕು. ಒಳಗಿನ ಹತ್ತಿ ತೆಗೆದು ತಾರಸಿಯ ಮೇಲೆ ಬಿಸಿಲಿಗೆ ಹರಡಬೇಕು, ಗಂಟುಗಳನ್ನು ಹಿಂಜಿ ಬಿಡಿಸಬೇಕು, ಹೊದಿಕೆ ಒಗೆಯಬೇಕು. ಮತ್ತೆ ತುಂಬಿ ಹೊಲಿಯುವುದು ಮುಂದಿನ ಚಳಿಗೆ ಮೊದಲು. ಒಮ್ಮೆ ಹೊಲಿಗೆ ಬಿಚ್ಚಿತೆಂದರೆ ಆ ರಜಾಯಿ ಆ ಋತುವಿಗೆ ಇಲ್ಲದ ಹಾಗೇ. ಆದ್ದರಿಂದ ಯಾವತ್ತು ಬಿಚ್ಚಬೇಕು ಎನ್ನುವುದು ಸಣ್ಣ ಮಾತಲ್ಲ. ಅವಸರ ಮಾಡಿದರೆ ಬೀದಿಗೆ ಬೀದಿಯೇ ನಡುಗಬೇಕಾಗುತ್ತದೆ.

ಹತ್ತಿಯಮ್ಮ ಅದನ್ನು ಮೂಗಿನಿಂದ ಹೇಳುತ್ತಿದ್ದಳು. ಚಳಿಗಾಲವಿಡೀ ಕಿಟಕಿಯ ಸಂದಿಗೆ ಹಳೆಯ ಬಟ್ಟೆಯ ಸುರುಳಿ ತುರುಕಿರುತ್ತಿದ್ದಳು. ಬಿಸಿಲು ಸ್ವಲ್ಪ ಹಳದಿಗೆ ತಿರುಗಿತೆಂದರೆ ದಿನಾ ಬೆಳಗ್ಗೆ ಸುರುಳಿಯ ಒಂದು ತುದಿಯನ್ನು ಎಳೆದು, ಆ ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದಳು. ಮನೆಯವರು ಚಹಾ ಲೋಟ ಕೈಯಲ್ಲೇ ಹಿಡಿದು ಕಾಯುತ್ತಿದ್ದರು. "ಇಲ್ಲ" ಎಂದರೆ ಸುರುಳಿ ಮತ್ತೆ ಒಳಗೆ. "ಗಾಳಿ ತಿರುಗಿದೆ" ಎಂದರೆ ಅವತ್ತು ಮನೆಯಲ್ಲಿ ಸಡಗರ. ಕಿಟಕಿಯ ಗಾಜು ಒರೆಸುವುದು, ದಪ್ಪ ಪರದೆ ಇಳಿಸಿ ತೆಳು ನೀಲಿ ಪರದೆ ಕಟ್ಟುವುದು, ಒಲೆಯ ಪಕ್ಕದಲ್ಲಿದ್ದ ಪುದೀನ ಕುಂಡವನ್ನು ಕಿಟಕಿಗೆ ತರುವುದು, ಮಂಚವನ್ನು ಗೋಡೆ ಬಿಡಿಸಿ ಬೆಳಗಿನ ಬಿಸಿಲು ಪಾದಕ್ಕೆ ಬೀಳುವಂತೆ ತಿರುಗಿಸುವುದು. ಎಲ್ಲ ಮುಗಿದ ಮೇಲೆ ಒಂದು ಹೊಸ ಸೋಪಿನ ಕಾಗದ ಬಿಚ್ಚುವುದು. ಆ ಸೋಪಿನಲ್ಲಿ ಮೊದಲು ಮುಖ ತೊಳೆಯುವ ಹಕ್ಕು ಹತ್ತಿಯಮ್ಮನದು. ಆಮೇಲೆ ಮೊದಲು ತನ್ನ ಮನೆಯ ರಜಾಯಿ ಬಿಚ್ಚಿ, ಮರುದಿನದಿಂದ ಊರವರದ್ದು. ಇದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟು.

ಈ ಸಲ ಚಳಿಗಾಲದ ನಡುವೆ ಅವಳಿಗೆ ಜ್ವರ ಬಂತು. ಕೆಮ್ಮು, ನೆಗಡಿ, ಮೈಕೈ ನೋವು ಎಲ್ಲ ಬಂದವು, ಎಲ್ಲ ಹೋದವು. ಹೋಗುವಾಗ ಮೂಗಿನ ಶಕ್ತಿಯನ್ನೂ ಜೊತೆಗೆ ಕರೆದುಕೊಂಡು ಹೋದವು.

ಬರುತ್ತೆ ಬಿಡು ಎಂದುಕೊಂಡು ಕಾದಳು. ಲವಂಗ ಜಜ್ಜಿ ಮೂಗಿಗೆ ಹಿಡಿದಳು. ಉರಿಯಿತೇ ಹೊರತು ವಾಸನೆ ಬರಲಿಲ್ಲ. ಕೊನೆಗೆ ಯಾರೂ ಇಲ್ಲದಾಗ ಮಗನ ಕಾಲುಚೀಲವನ್ನೇ ಎತ್ತಿ ಮೂಸಿದಳು. ದಿನವಿಡೀ ಬಸ್ಸು ಓಡಿಸಿ ಬಂದವನ ಕಾಲುಚೀಲ. ಅದೂ ಗೊತ್ತಾಗಲಿಲ್ಲವೆಂದಾಗ ಹತ್ತಿಯಮ್ಮನಿಗೆ ನಿಜವಾಗಿ ಭಯವಾಯಿತು.

ಯಾರಿಗೂ ಹೇಳಲಿಲ್ಲ. ಹೊಲಿದಿಟ್ಟ ರಜಾಯಿಗಳು ಈಗ ಅಂಗಡಿಯಲ್ಲೇ ಸಿಗುತ್ತವೆ. ಸೂಜಿಗೆ ದಾರ ಪೋಣಿಸಿಕೊಡುವವಳು ಸೊಸೆ. ತನ್ನದೆಂದು ಉಳಿದಿದ್ದು ವರ್ಷಕ್ಕೊಮ್ಮೆ ಇಡೀ ಬೀದಿ ಕತ್ತೆತ್ತಿ ಕಾಯುವ ಆ ಒಂದು ಮಾತು. ಅದೂ ಹೋದರೆ ತಾನು ಮೂಲೆಯಲ್ಲಿ ಕೂತು ಉಣ್ಣುವ ಮುದುಕಿ, ಅಷ್ಟೇ.

ಸೊಸೆ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಮಾತು ಕಡಿಮೆ. ಒಂದು ದಿನ ಒಳಗಿನಿಂದ ಓಡಿಬಂದು ಒಲೆ ಆರಿಸಿದಳು.

"ಅತ್ತೇ, ಹಾಲು ತಳ ಹಿಡಿದು ಕಪ್ಪಾಗಿದೆ. ಪಕ್ಕದಲ್ಲೇ ನಿಂತಿದ್ದೀರಲ್ಲ!"

"ಏನೋ ಯೋಚನೆ ಮಾಡ್ತಿದ್ದೆ ಕಣೆ."

ಸೊಸೆ ಅತ್ತೆಯ ಮುಖವನ್ನು ಒಂದು ಕ್ಷಣ ನೋಡಿದಳು. ಮತ್ತೇನೂ ಕೇಳದೆ ಪಾತ್ರೆಗೆ ನೀರು ಹಾಕಿ ನೆನೆಯಲು ಇಟ್ಟಳು.

ವಿಚಿತ್ರವೆಂದರೆ ಅಂದಿನಿಂದ ಅವಳಿಗೆ ಮಾತು ಹೆಚ್ಚಾಯಿತು. "ಅಬ್ಬಾ, ಪಕ್ಕದ ಮನೇಲಿ ಈರುಳ್ಳಿ ಹುರೀತಿದ್ದಾರೆ, ಹಸಿವಾಗ್ತಿದೆ." "ಕೆಳಗೆ ಟ್ಯೂಬಿಗೆ ಅಂಟು ಹಚ್ತಿದ್ದಾರೆ, ತಲೆನೋವು ಬರೋ ಹಾಗಿದೆ." "ಈ ಟವೆಲ್ ಸರಿಯಾಗಿ ಒಣಗಿಲ್ಲ, ಮುಗ್ಗಲು ವಾಸನೆ." ಒಳ್ಳೆ ವಟವಟ ಶುರುವಾಯ್ತಲ್ಲ ಇವಳದ್ದು ಎಂದು ಹತ್ತಿಯಮ್ಮ ಅಂದುಕೊಂಡಳು. ಆದರೂ ಆ ವಟವಟ ನಿಂತರೆ ಮನೆ ಖಾಲಿ ಅನಿಸುತ್ತಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಬಿಸಿಲು ಜೋರಾಗಿ ಬಂತು. ಕೆಳಗೆ ಸೈಕಲ್ ಅಂಗಡಿಯವನು ಸ್ವೆಟರ್ ತೆಗೆದು ಹ್ಯಾಂಡಲ್‌ಗೆ ನೇತುಹಾಕಿದ್ದ. ಹತ್ತಿಯಮ್ಮ ನಲ್ಲಿಯ ಹತ್ತಿರ ಬಂದಾಗ ಸುತ್ತ ಕೊಡ ಹಿಡಿದ ಹೆಂಗಸರು.

"ಏನಮ್ಮಾ, ಇನ್ನೂ ಅಪ್ಪಣೆ ಆಗಿಲ್ವಾ?" ಎಂದು ಅವನು ಅಂಗಡಿಯಿಂದಲೇ ಕೇಳಿದ. "ನನ್ನ ಹೆಂಡತಿ ರಜಾಯಿ ಮಡಚಿಟ್ಕೊಂಡು ಕೂತಿದ್ದಾಳೆ."

"ನಿನಗೇನು ಅವಸರ?"

"ಅವಸರ ನಂದಲ್ಲ. ನಿಮ್ಮ ಮೂಗಿಗೆ ವಯಸ್ಸಾಯ್ತಾ ಅಂತ ಎಲ್ಲರೂ ಕೇಳ್ತಿದ್ದಾರೆ."

ತಮಾಷೆಗೆ ಅಂದ ಮಾತು. ಹೆಂಗಸರು ನಕ್ಕರು. ಹತ್ತಿಯಮ್ಮ ಕೊಡ ಕೆಳಗಿಟ್ಟಳು. ತಲೆಯೆತ್ತಿ, ಎಲ್ಲರಿಗೂ ಕೇಳುವಂತೆ ಗಾಳಿಯನ್ನು ಒಳಗೆಳೆದುಕೊಂಡಳು. ಏನೂ ಇರಲಿಲ್ಲ. ಗಾಜಿನ ಲೋಟಕ್ಕೆ ಮೂಗಿಟ್ಟ ಹಾಗಿತ್ತು.

"ತಿರುಗಿದೆ," ಎಂದಳು. "ಗಾಳಿ ತಿರುಗಿದೆ. ತನ್ನಿ."

ಮಧ್ಯಾಹ್ನದೊಳಗೆ ಕೋಣೆಯ ಅರ್ಧದವರೆಗೆ ರಜಾಯಿಗಳ ರಾಶಿ ಬಿತ್ತು. ಸೊಸೆ ಕೆಲಸಕ್ಕೆ ಹೋಗಿದ್ದಳು. ಹತ್ತಿಯಮ್ಮ ಒಬ್ಬಳೇ ಬಟ್ಟೆಯ ಸುರುಳಿ ಎಳೆದಳು, ಗಾಜು ಒರೆಸಿದಳು, ನೀಲಿ ಪರದೆ ಕಟ್ಟಿದಳು. ಹೊಸ ಸೋಪಿನ ಕಾಗದ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಮುಖಕ್ಕೊತ್ತಿಕೊಂಡಳು. ನುಣ್ಣಗಿತ್ತು, ತಣ್ಣಗಿತ್ತು. ಅಷ್ಟೇ. ಮತ್ತೆ ಕಾಗದ ಸುತ್ತಿ, ಮಡಿಕೆ ಇದ್ದಂತೆಯೇ ಮಡಚಿ, ಗೂಡಿನ ಹಿಂದಕ್ಕೆ ಸರಿಸಿಟ್ಟಳು.

ಆಮೇಲೆ ಮನೆಯ ರಜಾಯಿಗಳ ಹೊಲಿಗೆ ಬಿಚ್ಚಿದಳು. ಹತ್ತಿ ಕೈಗೆ ತಣ್ಣಗೆ, ಮುದ್ದೆಮುದ್ದೆಯಾಗಿ ಬಂತು. ಗಾಳಿ ನಿಜವಾಗಿ ತಿರುಗಿದ್ದರೆ ಹತ್ತಿ ಹೀಗೆ ಮುನಿಸಿಕೊಂಡಂತೆ ಕೂರುವುದಿಲ್ಲ ಎಂದು ಬೆರಳಿಗೆ ಗೊತ್ತಿತ್ತು. ಬೆರಳಿನ ಮಾತು ಕೇಳದೆ ಬಿಚ್ಚುತ್ತಲೇ ಹೋದಳು.

ಸಂಜೆಯಾಗುತ್ತಲೇ ಚಳಿ ತಿರುಗಿ ಬಂತು. ಏನೋ ಮರೆತು ಹೋದವನು ಅರ್ಧ ದಾರಿಯಿಂದ ವಾಪಸ್ ಬಂದ ಹಾಗೆ ಬಂತು. ಬಟ್ಟೆಯ ಸುರುಳಿಯನ್ನು ಮತ್ತೆ ತುರುಕಿದರು, ದಪ್ಪ ಪರದೆಯನ್ನು ಕಟ್ಟುವ ಬದಲು ಹೊದ್ದುಕೊಂಡರು. ಮಗ ಬಸ್ಸಿನ ಯೂನಿಫಾರ್ಮ್ ಕೋಟು ಹಾಕಿಕೊಂಡೇ ಮಲಗಿದ.

"ಅಮ್ಮಾ, ಅಷ್ಟೊಂದು ರಜಾಯಿ ಬಿದ್ದಿದ್ಯಲ್ಲ, ಒಂದೆರಡು ಎಳ್ಕೊಂಡ್ರೆ ಯಾರಿಗೆ ಗೊತ್ತಾಗತ್ತೆ?"

"ಮುಟ್ಟಿದರೆ ನೋಡು! ಕೆಲಸಕ್ಕೆ ಕೊಟ್ಟಿದ್ದು ಅದು, ಹೊದಿಯೋಕಲ್ಲ."

"ಹಾಗಾದ್ರೆ ಬೆಳಿಗ್ಗೆ ನನ್ನನ್ನ ಸ್ಟಾರ್ಟ್ ಮಾಡೋಕೆ ನಾಲ್ಕು ಜನ ತಳ್ಳಬೇಕಾಗತ್ತೆ," ಎಂದು ಮಗ ಕೋಟಿನ ಕಾಲರ್ ಕಿವಿಗೆಳೆದುಕೊಂಡ.

ಬೆಳಗಾದಾಗ ಕಿಟಕಿಯ ಗಾಜು ಬೆಳ್ಳಗೆ ಮಂಜು ಹಿಡಿದಿತ್ತು. ಮಗ ಸೀನುತ್ತಲೇ ಡ್ಯೂಟಿಗೆ ಹೋದ. ಹತ್ತಿಯಮ್ಮ ರಾಶಿಯ ಪಕ್ಕದಲ್ಲಿ ಕೂತಿದ್ದಳು. ಸೊಸೆ ಚಹಾ ತಂದು ಅವಳ ಕೈಗಿತ್ತು, ತಾನೂ ನೆಲದ ಮೇಲೆ ಕೂತಳು.

"ಅತ್ತೆ, ನಮ್ಮ ಅಂಗಡೀಲಿ ಗೋಡೆ ಮೇಲಿನ ಅಕ್ಷರ ಓದಿ ಅಂತೀವಲ್ಲ, ಕೆಲವರು ಕಾಣದೇ ಇದ್ರೂ ಊಹೆ ಮಾಡಿ ಓದ್ತಾರೆ. ಜೋರಾಗಿ ಬೇರೆ."

ಹತ್ತಿಯಮ್ಮ ಲೋಟದಿಂದ ತಲೆ ಎತ್ತಲಿಲ್ಲ. "ಆಗ ನೀನೇನು ಮಾಡ್ತೀಯ?"

"ತಪ್ಪು ಅನ್ನಲ್ಲ. ನಾಚ್ಕೋತಾರೆ ಪಾಪ. ಆ ಸಾಲು ನಾನೇ ಒಮ್ಮೆ ಓದಿಬಿಡ್ತೀನಿ."

ಆ ವಟವಟ ಏನೆಂದು ಹತ್ತಿಯಮ್ಮನಿಗೆ ಆಗ ಹೊಳೆಯಿತು. ಈರುಳ್ಳಿ, ಅಂಟು, ಒಣಗದ ಟವೆಲ್. ಇವಳು ಇಷ್ಟು ದಿನ ತನಗಾಗಿ ಓದುತ್ತಿದ್ದಳು.

"ಹಾಲು ಸೀದ ದಿನಾನೇ ಗೊತ್ತಾಯ್ತಾ?"

"ಹೂಂ."

"ಕೇಳೋಕೇನಾಗಿತ್ತು ನಿನಗೆ?"

"ಹೇಳೋಕೇನಾಗಿತ್ತು ನಿಮಗೆ?"

ಹತ್ತಿಯಮ್ಮನಿಗೆ ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. ಎರಡನ್ನೂ ಸೆರಗಿನಲ್ಲಿ ಒರೆಸಿಕೊಂಡು ಎದ್ದಳು. "ಬಾ, ಈ ರಾಶಿ ಇಳಿಸೋಣ."

ಮನೆಮನೆಗೂ ಹೋಗಿ ರಜಾಯಿ ವಾಪಸ್ ಕೊಟ್ಟರು. ಪ್ರತಿ ಬಾಗಿಲಲ್ಲೂ ಹತ್ತಿಯಮ್ಮ ತಾನೇ ಹೇಳಿದಳು: "ನನಗೆ ವಾಸನೆ ಗೊತ್ತಾಗ್ತಿಲ್ಲ. ಜ್ವರ ಬಂದಾಗಿನಿಂದ. ನಿನ್ನೆ ಸುಮ್ಮನೆ ಹೇಳಿಬಿಟ್ಟೆ." ಮೊದಲ ಮನೆಯಲ್ಲಿ ಹೊಸ್ತಿಲು ನೋಡುತ್ತ ಹೇಳಿದಳು. ಕೊನೆಯ ಮನೆಯ ಹೊತ್ತಿಗೆ ಬೇರೆ ಯಾರದೋ ಸುದ್ದಿ ಹೇಳಿದಷ್ಟು ಸಲೀಸಾಗಿತ್ತು. ಕೆಲವರು ಅಯ್ಯೋ ಎಂದರು. ಒಬ್ಬಾಕೆ "ರಾತ್ರಿ ನಮ್ಮ ಮಕ್ಕಳು ನಡುಗಿಬಿಟ್ವು" ಎಂದು ಮುಖ ಗಂಟಿಕ್ಕಿದಳು. ಅದನ್ನೂ ಕೇಳಿಸಿಕೊಂಡಳು.

ಸೈಕಲ್ ಅಂಗಡಿಯವನು ಚೈನಿಗೆ ಎಣ್ಣೆ ಬಿಡುತ್ತಿದ್ದವನು ಕೈ ಒರೆಸಿಕೊಂಡ.

"ನಿಮ್ಮದು ಆಗಲೇ ಬಿಚ್ಚಿ ಆಯ್ತಾ?"

"ಮೊದಲು ನಮ್ಮದೇ ಅಲ್ವಾ ಬಿಚ್ಚೋದು."

"ಮತ್ತೆ ಹೊದಿಯೋಕೆ?"

"ಕೋಟು ಇದೆ, ಪರದೆ ಇದೆ."

"ಒಳ್ಳೆ ನಾಟಕದ ಕಂಪನಿ ಆಯ್ತಲ್ಲಮ್ಮ!" ಎಂದು ಅವನು ಒಳಗಿದ್ದ ಹೆಂಡತಿಯನ್ನು ಕೂಗಿ, ಈಗಷ್ಟೇ ವಾಪಸ್ ಬಂದ ರಜಾಯಿಗಳಲ್ಲಿ ಎರಡನ್ನು ಮತ್ತೆ ಸೊಸೆಯ ಹೆಗಲಿಗೆ ಹಾಕಿದ. ಹತ್ತಿಯಮ್ಮ ಬೇಡ ಬೇಡ ಎಂದಳು. "ಕೆಲಸಕ್ಕೆ ಕೊಡ್ತಿಲ್ಲ, ಹೊದಿಯೋಕೆ ಕೊಡ್ತಿದ್ದೀನಿ. ಬ್ರೇಕ್ ಇಲ್ಲದ ಸೈಕಲ್ ನಾನೂ ಒಬ್ಬರಿಗೆ ಕೊಟ್ಟು ಕಳಿಸಿದ್ದೆ. ಅವರು ನೇರ ಬಂದು ನನ್ನ ಅಂಗಡಿಗೇ ಗುದ್ದಿದ್ರು."

ಆಮೇಲೆ ದಿನಾ ಬೆಳಗ್ಗೆ ಕಿಟಕಿಯ ಹತ್ತಿರ ಇಬ್ಬರು ನಿಲ್ಲತೊಡಗಿದರು. ಸುರುಳಿಯ ತುದಿ ಎಳೆಯುವುದು ಹತ್ತಿಯಮ್ಮ, ಮೂಗಿಡುವುದು ಸೊಸೆ.

"ಏನು ಬಂತು?"

"ಸೈಕಲ್ ಟಯರ್."

"ಅದು ವರ್ಷವೆಲ್ಲ ಇರತ್ತೆ. ಅದರ ಹಿಂದೆ?"

"ಹಿಂದೆ... ಹೊಗೆ."

"ಹೊಗೆ ಇದ್ರೆ ಇನ್ನೂ ಇಲ್ಲ. ಚಳಿ ಇದ್ದಾಗ ಹೊಗೆ ಕೆಳಗೇ ಕೂತಿರತ್ತೆ. ಮುಚ್ಚು."

ಸೊಸೆ ಕೆಲಸಕ್ಕೆ ಹೊರಡುವ ಗಡಿಬಿಡಿಯಲ್ಲೂ ಈ ಪಾಠ ತಪ್ಪಿಸಲಿಲ್ಲ. ಚಹಾ ಕಿಟಕಿಯ ಬಳಿಗೇ ಬರತೊಡಗಿತು. ಒಂದು ದಿನ ಅವಳು ಕಬ್ಬಿಣ ಎಂದಳು, ಒಂದು ದಿನ ಒದ್ದೆ ಕಾಗದ ಎಂದಳು. ಹತ್ತಿಯಮ್ಮ ಬಿಚ್ಚಿಟ್ಟ ಹತ್ತಿಯ ಚೀಲಕ್ಕೆ ಕೈಹಾಕಿ, ಹಿಡಿ ಹಿಸುಕಿ ನೋಡಿ, ತಲೆಯಾಡಿಸುತ್ತಿದ್ದಳು. ಹಿಸುಕಿದ ಹತ್ತಿ ಮುದ್ದೆಯಾಗಿಯೇ ಉಳಿಯುತ್ತಿತ್ತು. ಮಗ ಶೂ ಹಾಕಿಕೊಳ್ಳುತ್ತ, "ನಮ್ಮ ಡಿಪೋದಲ್ಲಿ ಡ್ರೈವಿಂಗ್ ಕಲಿಸೋರು ಇಷ್ಟು ಬೈಯಲ್ಲ," ಎನ್ನುತ್ತಿದ್ದ.

ಕೊನೆಗೊಂದು ಬೆಳಗ್ಗೆ ಸೊಸೆ ಸಂದಿಗೆ ಮೂಗಿಟ್ಟವಳು ಸುಮ್ಮನೆ ನಿಂತುಬಿಟ್ಟಳು. ಬಿಸಿಲೇನೂ ಇರಲಿಲ್ಲ, ಮೋಡ ಕವಿದಿತ್ತು.

"ಏನೇ?"

"ಹೇಗೆ ಹೇಳಲಿ... ಹೇಳಿದ್ರೆ ನಗ್ತೀರ."

"ನಗಲ್ಲ, ಹೇಳು."

"ಸೌತೆಕಾಯಿ ಹೆಚ್ಚಿದ ಹಾಗೆ."

ಹತ್ತಿಯಮ್ಮ ನಗಲಿಲ್ಲ. ಇಷ್ಟು ವರ್ಷ ತಾನು ಅದನ್ನು ಒದ್ದೆ ಮರದ ತೊಗಟೆ ಎಂದುಕೊಂಡಿದ್ದಳು. ಈಗ ಕಣ್ಣು ಮುಚ್ಚಿ ನೆನಪು ಮಾಡಿಕೊಂಡಳು. ಹೌದು, ತೊಗಟೆಯ ಹಿಂದೆ ಅದಿತ್ತು. ಹಸಿ, ತಂಪು, ಆಗಷ್ಟೇ ಹೆಚ್ಚಿದ ಸೌತೆಕಾಯಿ. ಮೂಗಿಗೆ ಬಾರದ್ದು ನೆನಪಿನಲ್ಲಿ ಅಷ್ಟು ಸ್ಪಷ್ಟವಾಗಿ ಬಂದು ನಿಂತಿತು. ಚೀಲಕ್ಕೆ ಕೈಹಾಕಿ ಒಂದು ಹಿಡಿ ಹತ್ತಿ ಹಿಸುಕಿ ಬಿಟ್ಟಳು. ಅದು ಮೆಲ್ಲಗೆ ಉಬ್ಬಿ, ಅಂಗೈಯಿಂದ ಎದ್ದಿತು.

"ಪೂರ್ತಿ ಎಳಿ ಅದನ್ನ," ಎಂದಳು.

ಸೊಸೆ ಬಟ್ಟೆಯ ಸುರುಳಿಯನ್ನು ಎಳೆದೆಸೆದು ಕಿಟಕಿಯ ಎರಡೂ ಬಾಗಿಲು ತಳ್ಳಿದಳು. ಕೆಳಗಿನಿಂದ ಸೈಕಲ್ ಅಂಗಡಿಯವನು ಕತ್ತೆತ್ತಿ ಮೋಡ ನೋಡಿ, ಕಿಟಕಿ ನೋಡಿ, ಅನುಮಾನದಿಂದ ಕೂಗಿದ.

"ಈ ಸಲ ಯಾರು ಹೇಳಿದ್ದು?"

"ನನ್ನ ಸೊಸೆ ಹೇಳಿದ್ಲು. ನಾನು ಹೌದು ಅಂದೆ."

"ಹಾಗಾದ್ರೆ ಎರಡು ಸಹಿ ಬಿತ್ತು ಅನ್ನಿ," ಎಂದು ಅವನು ಸ್ವೆಟರ್ ತಲೆಯ ಮೇಲಿಂದ ಎಳೆದ.

ಸೊಸೆ ಅಂದು ತಡವಾಗಿ ಬರುತ್ತೇನೆಂದು ಅಂಗಡಿಗೆ ಫೋನ್ ಮಾಡಿದಳು. ಇಬ್ಬರೂ ಸೇರಿ ಪರದೆ ಬದಲಾಯಿಸಿದರು, ಪುದೀನ ಕುಂಡ ತಂದಿಟ್ಟರು, ಮಂಚವನ್ನು ಕಿರ್‍ರೆನ್ನಿಸುತ್ತ ತಿರುಗಿಸಿದರು. ಎಲ್ಲ ಮುಗಿದ ಮೇಲೆ ಹತ್ತಿಯಮ್ಮ ಗೂಡಿನ ಹಿಂದಿನಿಂದ ಸೋಪು ತೆಗೆದು, ಕಾಗದ ಬಿಚ್ಚಿ, ಸೊಸೆಯ ಮುಂದೆ ಹಿಡಿದಳು.

"ಓದು."

ಸೊಸೆ ಮೂಸಿ ನೋಡಿ ಮುಖ ಕಿವುಚಿದಳು. "ಈ ವರ್ಷದ್ದು ಚೆನ್ನಾಗಿಲ್ಲ ಅತ್ತೆ. ಆಸ್ಪತ್ರೆ ವಾಸನೆ."

"ಸದ್ಯ, ನಾನು ಬಚಾವ್," ಎಂದು ಹತ್ತಿಯಮ್ಮ ಸೋಪು ಕಿತ್ತುಕೊಂಡು ಮುಖ ತೊಳೆಯಲು ಹೋದಳು. ಮೆಟ್ಟಿಲಿನ ಮೇಲೆ ಆಗಲೇ ಯಾರೋ ರಜಾಯಿ ಹೊತ್ತು ಬರುವ ಸದ್ದು ಕೇಳುತ್ತಿತ್ತು.